ಅಮ್ಮನಿಗೆ ಕೊಟ್ಟ ಮಿಸೊ ಸಾರು

2007ರಲ್ಲಿ ನಾನು ನಮ್ಮಮ್ಮನಿಗೆ ಮೀನು ಕುಡಿಸಿದೆ. ಬೇಕಂತ ಮಾಡಿದ್ದಲ್ಲ. ಆದರೂ ಮಾಡಿದ್ದು ಮಾಡಿದ್ದೇ.

ಆಗ ನಾನು ಎಂಟು ತಿಂಗಳು ಟೋಕಿಯೋದಲ್ಲಿದ್ದು ಆಗಷ್ಟೇ ವಾಪಸ್ ಬಂದಿದ್ದೆ. ಕಂಪನಿ ಕೆಲಸದ ಮೇಲೆ ಕಳಿಸಿತ್ತು. ನಿಶಿ-ಕಸಾಯ್ ಅನ್ನುವ, ನಮ್ಮ ದೇಶದವರು ಜಾಸ್ತಿ ಇರುವ ಕಡೆ ಒಂದು ಪುಟ್ಟ ರೂಮು. ಪಕ್ಕದ ಮನೆಯ ಅಜ್ಜಿಗೆ ನನ್ನ ಮೇಲೆ ಅದೇನೋ ಕನಿಕರ. ಅವರ ಭಾಷೆ ನನಗೆ ಬರದು, ನನ್ನದು ಅವರಿಗೆ ಬರದು. ಮಾಂಸ ಬೇಡ, ಮೀನು ಬೇಡ ಅಂತ ಎರಡು ಪದ ಕಲಿತು ಕೈ ಅಲ್ಲಾಡಿಸುತ್ತಿದ್ದೆ, ಅಷ್ಟೇ. ಅವರು ಅರ್ಥ ಮಾಡಿಕೊಂಡು, ಒಣಗಿದ ಕಪ್ಪು ಪಟ್ಟಿಯೊಂದನ್ನು ನೀರಿಗೆ ಹಾಕಿ, ಆ ನೀರಲ್ಲಿ ಟೋಫು ಬೇಯಿಸಿ, ಒಲೆ ಆರಿಸಿ, ಮಿಸೊ ಕದಡಿ ಕೊಡುತ್ತಿದ್ದರು. ಹತ್ತು ನಿಮಿಷದ ಕೆಲಸ. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಮಸಾಲೆ ಇಲ್ಲ. ಆದರೂ ಚಳಿಗಾಲದ ಸಂಜೆ ಅದನ್ನು ಕುಡಿದರೆ ಊರಲ್ಲಿ ತಟ್ಟೆಯ ಮುಂದೆ ಕೂತ ಹಾಗೇ ಆಗುತ್ತಿತ್ತು.

ವಾಪಸ್ ಬರುವಾಗ ಅಂಗಡಿಯಲ್ಲಿ ಮಿಸೊ ಡಬ್ಬಿ ಜೊತೆಗೆ ಒಂದು ಪುಡಿಯ ಪ್ಯಾಕೆಟ್ಟೂ ತಂದೆ. ಅದರ ಮೇಲೆ "ದಾಶಿ" ಅಂತ ಇತ್ತು. ಅಜ್ಜಿ ಆ ಕಪ್ಪು ಪಟ್ಟಿಯ ನೀರಿಗೆ ದಾಶಿ ಅನ್ನುತ್ತಿದ್ದುದು ನನಗೆ ಗೊತ್ತು. ಹಾಗಾದರೆ ಇದು ಅದರದ್ದೇ ಪುಡಿ ಅಂತ ನನ್ನ ಲೆಕ್ಕ. ಹಾಸನದಿಂದ ಅಮ್ಮ ಬಂದಾಗ ಉತ್ಸಾಹದಿಂದ ಮಾಡಿಕೊಟ್ಟೆ. "ಒಗ್ಗರಣೆ ಮರೆತ ಕಟ್ಟಿನ ಸಾರಿನ ಥರ ಇದೆ ಕಣೋ" ಅಂದು ಎರಡು ಬಟ್ಟಲು ಕುಡಿದಳು. ಮೂರು ವಾರ ಆದ ಮೇಲೆ ಜಪಾನಿ ಓದಲು ಬರುವ ಗೆಳೆಯನೊಬ್ಬ ಮನೆಗೆ ಬಂದ. ಪ್ಯಾಕೆಟ್ ತಿರುಗಿಸಿ ಒಂದು ಅಕ್ಷರದ ಮೇಲೆ ಬೆರಳಿಟ್ಟ. ಎಡಗಡೆ "ಮೀನು", ಬಲಗಡೆ "ಗಟ್ಟಿ" ಸೇರಿ ಆದ ಅಕ್ಷರ. ಕತ್ಸುವೊ. ಟ್ಯೂನಾಕ್ಕೆ ಹತ್ತಿರದ ಒಂದು ಸಮುದ್ರದ ಮೀನು.

ಅಮ್ಮನಿಗೆ ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಬಹಳ ವರ್ಷ ನನ್ನ ಮನೆಗೆ ಬಂದಾಗಲೆಲ್ಲ "ನಂಗೆ ಮೊಸರನ್ನ ಸಾಕು" ಅಂತ ತಾನೇ ಕಲಸಿಕೊಂಡು ಊಟ ಮುಗಿಸುತ್ತಿದ್ದಳು.

ಇಷ್ಟು ಪೀಠಿಕೆ ಯಾಕೆ ಅಂದರೆ, ನಾನು ಜಪಾನಿನ ಅಡುಗೆಮನೆಯ ಇತಿಹಾಸ ಓದಲು ಶುರು ಮಾಡಿದ್ದು ಈ ಪಾಪ ಕಳೆದುಕೊಳ್ಳಲು. ಈ ದಾಶಿಯೊಳಗೆ ಮೀನು ಯಾವಾಗ ಬಂತು? ಮೀನಿಲ್ಲದ ದಾಶಿ ಇತ್ತೇ? ಇದ್ದರೆ ಅದು ನನ್ನಂಥವರ ಸಮಾಧಾನಕ್ಕೆ ಮಾಡಿಕೊಂಡ ಹೊಂದಾಣಿಕೆಯೋ, ಅಥವಾ ಅದಕ್ಕೂ ತನ್ನದೇ ಆದ ಒಂದು ಚರಿತ್ರೆ ಇದೆಯೋ?

ಮೊದಲು ದಾಶಿ ಅಂದರೇನು ಅಂತ ಹೇಳಿಬಿಡುತ್ತೇನೆ. ಜಪಾನಿನ ಮನೆ ಅಡುಗೆಯಲ್ಲಿ ನಾವು "ಸಿಂಪಲ್" ಅನ್ನುವುದೆಲ್ಲ ನಿಂತಿರುವುದು ಈ ನೀರಿನ ಮೇಲೆ. ಮಿಸೊ ಸಾರು, ಬೇಯಿಸಿದ ಕುಂಬಳಕಾಯಿ, ಉದೊನ್ ಶಾವಿಗೆಯ ರಸ, ಮೊಟ್ಟೆಯ ಸುರುಳಿ ಎಲ್ಲದಕ್ಕೂ ದಾಶಿ ಬೇಕು. ನಾವು ಸಾರಿಗೆ ಬೇಳೆಯ ಕಟ್ಟು ಬಸಿದುಕೊಳ್ಳುತ್ತೇವಲ್ಲ, ಅದರ ಜಾಗ ಅಂದುಕೊಳ್ಳಿ. ಇವತ್ತು ಹೆಚ್ಚಿನ ಕಡೆ ಮಾಡುವ ದಾಶಿಗೆ ಎರಡು ಸಾಮಾನು. ಒಂದು ಕೊಂಬು. (ನಮ್ಮ ದನದ ಕೊಂಬಲ್ಲ!) ಅದು ಉತ್ತರದ ತಣ್ಣನೆ ಸಮುದ್ರದಲ್ಲಿ ಬೆಳೆಯುವ ಉದ್ದನೆಯ ಕಡಲಪಾಚಿ. ಅಜ್ಜಿ ಹಾಕುತ್ತಿದ್ದ ಕಪ್ಪು ಪಟ್ಟಿ ಅದೇ. ಇನ್ನೊಂದು ಕತ್ಸುವೊಬುಶಿ, ಅಂದರೆ ಆ ಕತ್ಸುವೊ ಮೀನನ್ನು ಬೇಯಿಸಿ, ಹೊಗೆ ಹಾಕಿ, ಒಣಗಿಸಿ, ಕೆಲವು ಬಗೆಗೆ ಬೂಷ್ಟನ್ನೂ ಹಿಡಿಸಿ ಮರದ ತುಂಡಿನಂತೆ ಮಾಡಿದ್ದು. ಎಷ್ಟು ಗಟ್ಟಿ ಅಂದರೆ ಬಡಗಿಯ ಕೀಸುಳಿಯಂಥದ್ದರ ಮೇಲೆ ಉಜ್ಜಿ ಹೊಟ್ಟು ತೆಗೆಯಬೇಕು. ಆ ಹೊಟ್ಟು ಬಿಸಿನೀರಿಗೆ ಬಿದ್ದರೆ ಒಂದೆರಡು ನಿಮಿಷದಲ್ಲಿ ಸಾರ ಬಿಡುತ್ತದೆ.

ಜಪಾನಿನಲ್ಲಿ ಅಚ್ಚಾದ ಮೊದಲ ಅಡುಗೆ ಪುಸ್ತಕಗಳಲ್ಲಿ ಒಂದು "ರ್‍ಯೋರಿ ಮೊನೊಗತಾರಿ". 1643ರದ್ದು. ಇದರಲ್ಲಿ ಕತ್ಸುವೊ ದಾಶಿ ಇದೆ. ಅದರ ಜೊತೆಯಲ್ಲೇ "ಶೋಜಿನ್ ದಾಶಿ" ಅಂತ ಬೇರೆಯೇ ಇದೆ. ಮೀನು ಮುಟ್ಟದವರ ದಾಶಿ ಅದು. ಕೊಂಬು, ಒಣಗಿಸಿದ ಮೂಲಂಗಿ, ಮತ್ತೆ ಕಂಪ್ಯೊ ಅನ್ನುವ ಒಂದು ಒಣ ತರಕಾರಿ ಹೀಗೆ ನಾಲ್ಕಾರು ಸಾಮಾನು ಹೇಳಿ, ಇವುಗಳಲ್ಲಿ ಕೂಡಿದ್ದನ್ನು ಕೂಡಿಸಿಕೊಳ್ಳಿ ಅನ್ನುತ್ತದೆ. ಮೊದಲ ಸಲ ಓದಿದಾಗ ಈ ಕಂಪ್ಯೊ ಏನು ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಆ ದಡ್ಡತನದ ಬೆಲೆ ಮುಂದೆ ಹೇಳುತ್ತೇನೆ.

ಈ "ಶೋಜಿನ್" ಪದ ನನಗೆ ಬಹಳ ಹಿಡಿಸಿತು. ಬೌದ್ಧ ಗ್ರಂಥಗಳು ಚೀನಾಕ್ಕೆ ಹೋದಾಗ ಸಂಸ್ಕೃತದ "ವೀರ್ಯ", ಅಂದರೆ ಬಿಡದ ಪ್ರಯತ್ನ, ಅನ್ನುವುದಕ್ಕೆ ಮಾಡಿಕೊಂಡ ಅನುವಾದ ಅದು. ಅಲ್ಲಿಂದ ಜಪಾನಿಗೆ ಬಂದು, ಸಾಧನೆಯಲ್ಲಿರುವವರ ಊಟ ಅಂತಾಗಿ, ಕೊನೆಗೆ ಸೊಪ್ಪು ತರಕಾರಿಯ ಊಟಕ್ಕೇ ಹೆಸರಾಯಿತು. ಅಲ್ಲಿ ಮೀನು ಮಾಂಸ ಮಾತ್ರ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯ ಜಾತಿಯೂ ನಿಷಿದ್ಧ. ಅನೇಕ ಝೆನ್ ಮಠಗಳ ಬಾಗಿಲಲ್ಲಿ ಕಲ್ಲೇ ನೆಟ್ಟಿರುತ್ತಾರೆ, ಘಾಟಿನ ತರಕಾರಿ ಮತ್ತು ಮದ್ಯ ಒಳಗೆ ಬರಬಾರದು ಅಂತ. ನಮ್ಮ ಮಡಿ ಅಡುಗೆಯವರು ನೋಡಿದರೆ ತಲೆಯಾಡಿಸುತ್ತಾರೆ.

ಹಾಗಂತ ಇಡೀ ಜಪಾನೇ ಒಂದು ಕಾಲದಲ್ಲಿ ಸಸ್ಯಾಹಾರಿ ಆಗಿತ್ತು ಅಂತ ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ. 675ರಲ್ಲಿ ತೆನ್ಮು ಚಕ್ರವರ್ತಿ ಹೊರಡಿಸಿದ ಆಜ್ಞೆಯಲ್ಲಿ ದನ, ಕುದುರೆ, ನಾಯಿ, ಕೋತಿ, ಕೋಳಿ ಈ ಐದರ ಮಾಂಸಕ್ಕೆ ತಡೆ ಇತ್ತು. ಅದೂ ವರ್ಷದ ನಾಲ್ಕನೇ ತಿಂಗಳಿಂದ ಒಂಬತ್ತನೇ ತಿಂಗಳವರೆಗೆ, ಅಂದರೆ ಬೇಸಾಯದ ಕಾಲದಲ್ಲಿ. ಮೀನಿನ ಮಾತೇ ಇಲ್ಲ. ಆಮೇಲಿನ ಶತಮಾನಗಳಲ್ಲಿ ಇಂಥ ಆಜ್ಞೆಗಳು ಮತ್ತೆ ಮತ್ತೆ ಬಂದವು (ಮತ್ತೆ ಮತ್ತೆ ಬಂದವು ಅಂದರೆ ಜನ ಕೇಳುತ್ತಿರಲಿಲ್ಲ ಅಂತಲೇ ಅರ್ಥ). ನಾಲ್ಕು ಕಾಲಿನ ಪ್ರಾಣಿ ತಿನ್ನುವುದು ಕೀಳು ಅನ್ನುವ ಭಾವನೆ ಗಟ್ಟಿಯಾಯಿತು. 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದರು ಅನ್ನುವುದು ಪತ್ರಿಕೆಯಲ್ಲಿ ಬರುವಷ್ಟು ದೊಡ್ಡ ಸುದ್ದಿಯಾದದ್ದು ಅದಕ್ಕೇ. ಆದರೆ ಮೀನು ಯಾವತ್ತೂ ಆ ಸಾಲಿಗೆ ಬರಲಿಲ್ಲ. ಮೀನನ್ನೂ ಬಿಟ್ಟವರು ಮಠದವರು ಮತ್ತು ತಿಥಿ ವ್ರತದ ದಿನಗಳಲ್ಲಿ ಗೃಹಸ್ಥರು.

ಹಾಗಾಗಿ ಮೀನಿಲ್ಲದೆ ರುಚಿ ತರುವುದು ಹೇಗೆ ಅನ್ನುವ ಪ್ರಶ್ನೆಗೆ ತಲೆ ಕೊಟ್ಟವರು ಮಠದ ಅಡುಗೆಯವರೇ.

ಇಲ್ಲಿ ಒಂದು ಕತೆ ಹೇಳಲೇಬೇಕು. 1223ರಲ್ಲಿ ದೋಗೆನ್ ಅನ್ನುವ ಇಪ್ಪತ್ಮೂರು ಇಪ್ಪತ್ನಾಲ್ಕು ವಯಸ್ಸಿನ ಜಪಾನಿ ಸನ್ಯಾಸಿ ಗುರುವನ್ನು ಹುಡುಕಿಕೊಂಡು ಚೀನಾಕ್ಕೆ ಹೋದ. ಬಂದರಲ್ಲಿ ಹಡಗಿನಲ್ಲೇ ತಂಗಿದ್ದಾಗ ಅರವತ್ತೊಂದು ವಯಸ್ಸಿನ ಒಬ್ಬ ಮುದಿ ಭಿಕ್ಷು ಹಡಗಿಗೆ ಬಂದ. ದೂರದ ಮಠವೊಂದರ ಅಡುಗೆ ಮುಖ್ಯಸ್ಥ. ಮಾರನೇ ದಿನ ಹಬ್ಬ, ಎಲ್ಲರಿಗೂ ಶಾವಿಗೆಯ ಸಾರು ಮಾಡಬೇಕು, ಜಪಾನಿನ ವ್ಯಾಪಾರಿಗಳ ಹತ್ತಿರ ಒಳ್ಳೆ ಒಣ ಅಣಬೆ ಸಿಗುತ್ತದೆ ಅಂತ ಹದಿನೆಂಟು ಇಪ್ಪತ್ತು ಕಿಲೋಮೀಟರ್ ನಡೆದು ಬಂದಿದ್ದ. (ಅವನು ಕೊಂಡದ್ದು ಹಿಪ್ಪುನೇರಳೆ ಹಣ್ಣು ಅನ್ನುವವರೂ ಇದ್ದಾರೆ, ಅಣಬೆ ಅನ್ನುವವರೇ ಹೆಚ್ಚು. ಸಾರಿಗೆ ಹಿಪ್ಪುನೇರಳೆ ಹಾಕುತ್ತಾರಾ ಅಂತ ನನ್ನ ಅನುಮಾನ.) ದೋಗೆನ್ ಅವನನ್ನು ರಾತ್ರಿ ಉಳಿಯಿರಿ ಅಂತ ಒತ್ತಾಯಿಸಿದ. ಈ ವಯಸ್ಸಲ್ಲಿ ಧ್ಯಾನ ಮಾಡುತ್ತಾ ಗ್ರಂಥ ಓದುತ್ತಾ ಇರುವುದು ಬಿಟ್ಟು ಅಡುಗೆಯ ತಲೆನೋವು ಯಾಕೆ, ಬೇರೆ ಯಾರಾದರೂ ಮಾಡುತ್ತಾರೆ ಅಂದ. ಮುದುಕ ಜೋರಾಗಿ ನಕ್ಕು, ನಿನಗೆ ಸಾಧನೆ ಅಂದರೇನು ಅಂತ ಇನ್ನೂ ತಿಳಿದಿಲ್ಲ ಅಂತ ಹೇಳಿ ಕತ್ತಲಾಗುವ ಮೊದಲು ಹೊರಟೇಬಿಟ್ಟ. 1237ರಲ್ಲಿ, ಜಪಾನಿಗೆ ಮರಳಿ ಹತ್ತು ವರ್ಷ ಆದ ಮೇಲೆ, ದೋಗೆನ್ ಮಠದ ಅಡುಗೆಯವರಿಗಾಗಿ "ತೆನ್ಜೊ ಕ್ಯೋಕುನ್" ಅನ್ನುವ ಚಿಕ್ಕ ಗ್ರಂಥ ಬರೆದಾಗ ಈ ಭೇಟಿಯನ್ನು ವಿವರವಾಗಿ ನೆನೆದ. ಅಕ್ಕಿ ಆರಿಸುವುದು, ತೊಳೆಯುವುದು, ನಾಳಿನ ತರಕಾರಿಯನ್ನು ಇವತ್ತು ರಾತ್ರಿಯೇ ಸಿದ್ಧ ಮಾಡಿಕೊಳ್ಳುವುದು, ಒಂದು ಕಾಳೂ ಚೆಲ್ಲದಿರುವುದು, ಇವೇ ಅದರಲ್ಲಿರುವುದು. ನಮ್ಮಜ್ಜಿಗೆ ಓದಿ ಹೇಳಿದ್ದರೆ ಇದರಲ್ಲಿ ಹೊಸದೇನಿದೆ ಅಂತಿದ್ದಳು.

ಅಂದ ಹಾಗೆ ಆ ಮುದುಕನ ಮಠದ ಹೆಸರು ಅಯುವಾಂಗ್. ಚೀನೀ ಭಾಷೆಯಲ್ಲಿ ಹಾಗಂದರೆ ಅಶೋಕ ರಾಜ. ನಮ್ಮ ಅಶೋಕನೇ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕಿತಲ್ಲ, "ಅಶೋಕ" ಅನ್ನುವ ಹೆಸರೇ ಇರುವ ಶಾಸನ, ಆ ಅಶೋಕ. ಮಸ್ಕಿ ಬಂಡೆಯ ಮೇಲಿನ ಹೆಸರನ್ನೇ ಹೊತ್ತ ಮಠದ ಅಡುಗೆಯವನೊಬ್ಬ ಜಪಾನಿನ ಅಣಬೆಗಾಗಿ ಬಿಸಿಲಲ್ಲಿ ನಡೆದು ಬಂದ ಅನ್ನುವುದು ಯಾಕೋ ನನ್ನ ತಲೆಯಿಂದ ಹೋಗುವುದೇ ಇಲ್ಲ.

ಒಣ ಅಣಬೆ ಅಂದರೆ ಶಿಟಾಕೆ. ಇವತ್ತು ಪ್ಯಾಕೆಟ್ಟಿನಲ್ಲಿ ಧಾರಾಳವಾಗಿ ಸಿಗುತ್ತದೆ. ಆದರೆ 1940ರ ದಶಕದವರೆಗೂ ಅದು ಜೂಜಿನ ಬೆಳೆ. ಕಾಡಿನಲ್ಲಿ ಮರ ಕಡಿದು ದಿಮ್ಮಿಗೆ ಕೊಡಲಿಯಿಂದ ಕಚ್ಚು ಹಾಕಿ ಬಿಟ್ಟು, ಗಾಳಿಯಲ್ಲಿ ಬೀಜಾಣು ಬಂದು ಕೂರಲಿ ಅಂತ ಕಾಯಬೇಕಿತ್ತು. ಬಂದರೆ ಬಂತು, ಇಲ್ಲದಿದ್ದರೆ ಸಾಲ. ಮೋರಿ ಕಿಸಾಕು ಅನ್ನುವವರು ಅಣಬೆಯ ತಂತುವನ್ನು ಪುಟ್ಟ ಮರದ ಬೆಣೆಗಳಲ್ಲಿ ಬೆಳೆಸಿ, ಆ ಬೆಣೆಯನ್ನು ದಿಮ್ಮಿಗೆ ಹೊಡೆಯುವ ಕ್ರಮ ಕಂಡುಹಿಡಿದ ಮೇಲೆಯೇ ಬಡವರ ಮನೆಗೂ ಶಿಟಾಕೆ ಬಂದದ್ದು.

ಇನ್ನು ಕೊಂಬಿನ ಕತೆ. ಇದು ನನ್ನ ಪ್ರಕಾರ ಎಲ್ಲಕ್ಕಿಂತ ಸೊಗಸು. ಕೊಂಬು ಬೆಳೆಯುವುದು ಬಹುಪಾಲು ತುತ್ತತುದಿಯ ಹೊಕ್ಕೈಡೊ ದ್ವೀಪದ ಸುತ್ತ. ಅದರ ರುಚಿ ಹತ್ತಿದ್ದು ಮಾತ್ರ ಸಾವಿರ ಕಿಲೋಮೀಟರ್ ಕೆಳಗಿನ ಕ್ಯೋಟೊ ಒಸಾಕಾಗಳಿಗೆ. ಎಂಟನೇ ಶತಮಾನದಲ್ಲೇ ಉತ್ತರದವರು ಅರಮನೆಗೆ ಕೊಂಬು ಕಾಣಿಕೆ ಕೊಡುತ್ತಿದ್ದ ದಾಖಲೆ ಇದೆ. ಆದರೆ ಅದು ರಾಶಿಗಟ್ಟಲೆ ಬರಲು ಶುರುವಾದದ್ದು 1672ರಲ್ಲಿ ಕವಮುರಾ ಜುಯಿಕೆನ್ ಪಶ್ಚಿಮ ಕರಾವಳಿಯ ಹಡಗು ದಾರಿಯನ್ನು ವ್ಯವಸ್ಥೆ ಮಾಡಿದ ಮೇಲೆ. ಆ ದಾರಿಯಲ್ಲಿ ಓಡಾಡಿದ ವ್ಯಾಪಾರದ ಹಡಗುಗಳಿಗೆ ಕಿತಮಾಯೆಬುನೆ ಅಂತ ಹೆಸರು. ಉತ್ತರಕ್ಕೆ ಹೋಗುವಾಗ ಅಕ್ಕಿ, ಉಪ್ಪು, ಬಟ್ಟೆ. ಬರುವಾಗ ಕೊಂಬು, ಒಣ ಮೀನು, ಹೊಲಕ್ಕೆ ಹಾಕುವ ಮೀನಿನ ಗೊಬ್ಬರ. ಒಸಾಕಾದಲ್ಲಿ ಇಳಿದ ಕೊಂಬು ಅಲ್ಲಿಗೇ ನಿಲ್ಲಲಿಲ್ಲ. ದಕ್ಷಿಣದ ಸತ್ಸುಮಾಕ್ಕೆ, ಅಲ್ಲಿಂದ ರ್‍ಯುಕ್ಯು ದ್ವೀಪಗಳಿಗೆ, ಅಲ್ಲಿಂದ ಚೀನಾಕ್ಕೆ ಹೋಯಿತು. ರ್‍ಯುಕ್ಯು ಅಂದರೆ ಇವತ್ತಿನ ಓಕಿನಾವಾ. ಅಲ್ಲಿನ ಸಮುದ್ರ ಬೆಚ್ಚಗೆ, ಒಂದೆಳೆ ಕೊಂಬೂ ಬೆಳೆಯುವುದಿಲ್ಲ. ಆದರೂ ಕೊಂಬನ್ನು ಸಣ್ಣಗೆ ಹೆಚ್ಚಿ ಹುರಿದ ಪಲ್ಯ ಅಲ್ಲಿನ ಮನೆಮನೆಯ ತಿನಿಸು.

ಇದು ವಿಚಿತ್ರ ಅನ್ನಿಸಿದರೆ ನಿಮ್ಮ ಒಗ್ಗರಣೆ ಡಬ್ಬಿ ತೆಗೆದು ನೋಡಿ. ಇಂಗು ಇಲ್ಲದೆ ನಮ್ಮ ಸಾರಿಲ್ಲ. ಆ ಇಂಗು ಕರ್ನಾಟಕದಲ್ಲಿ ಎಲ್ಲಿ ಬೆಳೆಯುತ್ತದೆ ಹೇಳಿ? ಅಫ್ಘಾನಿಸ್ತಾನ, ಇರಾನಿನ ಒಣ ಬೆಟ್ಟಗಳಿಂದ ಬರಬೇಕು. ಇಂಡಿಯಾದಲ್ಲೇ ಬೆಳೆಯುವ ಪ್ರಯತ್ನ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಶುರುವಾದದ್ದೇ 2020ರಲ್ಲಿ. ಹಾಸನದ ಅಡುಗೆಮನೆಯ ವಾಸನೆಯೂ ಬೇರೆ ದೇಶದ ಗುಡ್ಡದ್ದೇ.

ಈಗ ಒಂದು ಎಚ್ಚರಿಕೆ. ಕೊಂಬು, ಕತ್ಸುವೊಬುಶಿಯ ದಾಶಿ ಎಲ್ಲರ ಮನೆಯದ್ದಾಗಿತ್ತು ಅಂತ ತಿಳಿಯಬೇಡಿ. ಅದು ಪಟ್ಟಣದವರ, ಕಾಸಿದ್ದವರ ಅಡುಗೆ. ಹಳ್ಳಿಗಳಲ್ಲಿ ಒಣಗಿಸಿದ ಸಣ್ಣ ಮೀನು ಹಾಕುತ್ತಿದ್ದರು, ಅದೂ ಇಲ್ಲದವರು ಮನೆಯಲ್ಲೇ ಮಾಡಿದ ಮಿಸೊವನ್ನು ಬರೀ ನೀರಲ್ಲಿ ತರಕಾರಿ ಜೊತೆ ಕುದಿಸುತ್ತಿದ್ದರು. ಮಿಸೊ ಮಾತ್ರ ಮನೆಮನೆಯದ್ದು. ತನ್ನನ್ನು ತಾನೇ ಹೊಗಳಿಕೊಳ್ಳುವುದಕ್ಕೆ ಜಪಾನಿಯಲ್ಲಿ "ತೆಮಾಯೆ ಮಿಸೊ" ಅನ್ನುತ್ತಾರೆ, ನಮ್ಮನೆ ಮಿಸೊ ಅಂತ. ನಮ್ಮನೆ ಉಪ್ಪಿನಕಾಯಿ ಬಗ್ಗೆ ನಾವು ಕೊಚ್ಚಿಕೊಳ್ಳುವುದಿಲ್ಲವೇ, ಹಾಗೆ. ಮನೆಯವರೆಲ್ಲ ಒಂದೇ ಮೇಜಿನ ಸುತ್ತ ಕೂತು ಉಣ್ಣುವುದೂ ಹಳೆಯದಲ್ಲ. ಒಬ್ಬೊಬ್ಬರ ಮುಂದೆ ಒಂದೊಂದು ಪುಟ್ಟ ಪೆಟ್ಟಿಗೆ ಮಣೆ ಇದ್ದದ್ದು ಹೋಗಿ, ಗುಂಡನೆಯ ಗಿಡ್ಡ ಮೇಜು ಬಂದದ್ದು ಮೇಜಿ ಕಾಲದ ಕೊನೆಗೆ ಮತ್ತು ಆಮೇಲೆ. ಅಡುಗೆ ಕಲಿಸುವ ಶಾಲೆಗಳು (ಟೋಕಿಯೋದ ಅಕಬೊರಿ ಶಾಲೆ 1882ರದ್ದು), ಹೆಂಗಸರ ಪತ್ರಿಕೆಗಳು ಬಂದವು. "ಮನೆ ಅಡುಗೆ" ಅನ್ನುವುದೇ ಒಂದು ಪಾಠವಾಯಿತು. ಅನ್ನದ ಜೊತೆ ತಿನ್ನುವ ಜಪಾನಿ ಕರಿಯೂ ಇದೇ ಕಾಲದ ಕೂಸು. ಆದರೆ ಇಂಗ್ಲಿಷರ ಕೈಯಿಂದ ಹೋದ ನಮ್ಮ ಮಸಾಲೆಯ ಆ ಕತೆ ಇನ್ನೊಂದು ದಿನ.

ಇದೇ ಹೊತ್ತಿನಲ್ಲಿ ಟೋಕಿಯೋದ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಇಕೆದಾ ಕಿಕುನಾಯೆ ಅನ್ನುವ ರಸಾಯನಶಾಸ್ತ್ರದ ಪ್ರೊಫೆಸರು ಇದ್ದರು. ಹುಟ್ಟಿದ್ದು ಕ್ಯೋಟೊದಲ್ಲಿ, ಅಂದರೆ ಕೊಂಬಿನ ರುಚಿ ಹುಟ್ಟಿನಿಂದ ಗೊತ್ತು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಲಿತು, ವಾಪಸ್ ಬರುವ ದಾರಿಯಲ್ಲಿ 1901ರಲ್ಲಿ ಲಂಡನ್ನಿನಲ್ಲಿ ಕಾದಂಬರಿಕಾರ ನತ್ಸುಮೆ ಸೋಸೆಕಿ ಇದ್ದ ಮನೆಯಲ್ಲೇ ಸ್ವಲ್ಪ ದಿನ ಇದ್ದವರು. ಕೊಂಬಿನ ನೀರಿನ ರುಚಿ ಸಿಹಿಯಲ್ಲ, ಹುಳಿಯಲ್ಲ, ಉಪ್ಪಲ್ಲ, ಕಹಿಯಲ್ಲ, ಹಾಗಾದರೆ ಏನು ಅನ್ನುವುದು ಅವರ ಪ್ರಶ್ನೆ. ಮನೆಯಲ್ಲಿ ಹೆಂಡತಿ ಮಾಡಿದ ಟೋಫು ಸಾರು ಕುಡಿಯುವಾಗ ಹೊಳೆಯಿತು ಅಂತ ಕತೆ ಕಟ್ಟಿದ್ದಾರೆ, ಕತೆ ಚೆನ್ನಾಗಿದೆ. ಕೆಲಸ ಮಾತ್ರ ಬೆವರಿನದ್ದು. ಕೆಜಿಗಟ್ಟಲೆ ಕೊಂಬು ನೆನೆಸಿ, ಸೋಸಿ, ಇಂಗಿಸಿ, ಕೊನೆಗೆ 1908ರಲ್ಲಿ ಕೆಲವೇ ಗ್ರಾಂ ಹರಳು ತೆಗೆದರು. ಅದು ಗ್ಲುಟಾಮಿಕ್ ಆಮ್ಲ. ಜರ್ಮನಿಯ ರಿಟ್‌ಹೌಸೆನ್ 1866ರಲ್ಲೇ ಗೋಧಿಯಿಂದ ತೆಗೆದಿದ್ದ ವಸ್ತುವೇ, ಆದರೆ ರುಚಿಯ ಗುಟ್ಟು ಅದರಲ್ಲಿದೆ ಅಂತ ಆಗ ಯಾರೂ ಹೇಳಿರಲಿಲ್ಲ. ಇಕೆದಾ ಆ ರುಚಿಗೆ "ಉಮಾಮಿ" ಅಂತ ಹೆಸರಿಟ್ಟರು.

ಅದರ ಸೋಡಿಯಂ ಲವಣವನ್ನು ಸುಜುಕಿ ಸಬುರೊಸುಕೆ ಅನ್ನುವ ಉದ್ಯಮಿ 1909ರಲ್ಲಿ ಮಾರುಕಟ್ಟೆಗೆ ತಂದರು. ಹೆಸರು ಅಜಿನೊಮೊಟೊ, ರುಚಿಯ ಮೂಲ ಅಂತ. ಹೌದು, ನಮ್ಮ ಗೋಬಿ ಮಂಚೂರಿ ಗಾಡಿಯವನು ಚಿಟಿಕೆ ಹಾಕುವ ಅದೇ ಬಿಳಿ ಪುಡಿ! ಅಲ್ಲಿ ಅದನ್ನು ಕೊಳ್ಳಬೇಕಾದವರು ಮನೆಯ ಹೆಂಗಸರು ಅಂತ ಕಂಪನಿ ಮೊದಲಿಂದ ತಿಳಿದಿತ್ತು. ಸೀಸೆಯ ಮೇಲೆ ಏಪ್ರನ್ ತೊಟ್ಟ ಹೆಂಗಸಿನ ಚಿತ್ರ. 1920ರ ದಶಕದಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು ಮುಗಿಸಿದವರಿಗೆ ಅಡುಗೆ ಪುಸ್ತಕ, ಜೊತೆಗೆ ಒಂದಿಷ್ಟು ಪುಡಿ ಪುಕ್ಕಟೆ. ಹಾವಿನಿಂದ ಮಾಡುತ್ತಾರೆ ಅಂತ ಗಾಳಿಸುದ್ದಿ ಹಬ್ಬಿ ಕಂಪನಿ ಪತ್ರಿಕೆಯಲ್ಲಿ ಅಲ್ಲಗಳೆಯಬೇಕಾಯಿತು. ಮೊದಲು ಗೋಧಿಯ ಅಂಟಿನಿಂದ ಆಮ್ಲ ಹಾಕಿ ತೆಗೆಯುತ್ತಿದ್ದರು. 1956ರಲ್ಲಿ ಗ್ಲುಟಾಮೇಟ್ ಮಾಡುವ ಬ್ಯಾಕ್ಟೀರಿಯಾ ಜಪಾನಿನಲ್ಲೇ ಸಿಕ್ಕ ಮೇಲೆ ಕಬ್ಬು, ಜೋಳ, ಮರಗೆಣಸಿನ ಸಕ್ಕರೆಯನ್ನು ಹುಳಿಹಿಡಿಸಿ ತೆಗೆಯುವುದು ರೂಢಿಯಾಯಿತು.

ನನಗೆ ಇಲ್ಲಿ ನಗು ಬಂತು, ಸ್ವಲ್ಪ ಅಳುವೂ. ಆ ಬಿಳಿ ಪುಡಿಯ ಹೆಸರು ಕೇಳಿದರೇ ಅಮ್ಮ ಮುಖ ಸಿಂಡರಿಸುತ್ತಾಳೆ. 1968ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದಕ್ಕೆ ಬಂದ ಒಂದು ಓದುಗರ ಪತ್ರದಿಂದ ಹಬ್ಬಿದ ಭಯ ಹಾಸನದವರೆಗೂ ಬಂದಿದೆ. ಅದು ಪೂರ್ತಿ ಸಸ್ಯಾಹಾರ, ಮೀನಿಲ್ಲದ ಮಠದ ಸಾರಿನ ಮೊಮ್ಮಗು. ನಾನು "ನ್ಯಾಚುರಲ್" ಅಂತ ನಂಬಿ ತಂದ ಕಂದು ಪುಡಿಯಲ್ಲಿ ಇದ್ದದ್ದು ಮೀನು. 1913ರಲ್ಲಿ ಇಕೆದಾ ಅವರ ಶಿಷ್ಯ ಕೊದಾಮಾ ಶಿಂತಾರೊ ಕತ್ಸುವೊಬುಶಿಯ ರುಚಿ ಇನೊಸಿನೇಟ್ ಅಂತ ಕಂಡುಹಿಡಿದರು. 1957ರಲ್ಲಿ ಕುನಿನಾಕಾ ಅಕಿರಾ ಗ್ವಾನಿಲೇಟ್ ಅನ್ನುವ ಇನ್ನೊಂದನ್ನು ಗುರುತಿಸಿದರು. ಒಣ ಶಿಟಾಕೆಯ ರುಚಿ ಅದರದ್ದೇ. ಕೊಂಬಿನ ಗ್ಲುಟಾಮೇಟ್ ಜೊತೆ ಇವೆರಡರಲ್ಲಿ ಯಾವುದು ಸೇರಿದರೂ ರುಚಿ ಕೂಡುವುದಿಲ್ಲ, ಗುಣಿಸಿದಂತೆ ಹೆಚ್ಚುತ್ತದೆ ಅಂತಲೂ ತೋರಿಸಿದರು. ಅಂದರೆ ಮೀನು ಬಿಟ್ಟ ಮಠದವರು ಕೊಂಬಿಗೆ ಅಣಬೆ ಕೂಡಿಸಿಕೊಂಡದ್ದು ಸುಮ್ಮನೆ ಅಲ್ಲ. 1960ರ ದಶಕದಿಂದ ಒಲೆಯ ಮುಂದೆ ನಿಲ್ಲಲು ಪುರುಸೊತ್ತಿಲ್ಲದ ಮನೆಗಳಿಗೆ ದಾಶಿಯ ಪುಡಿ ಬಂತು. ಪುಡಿಯಲ್ಲಿ ಗೆದ್ದದ್ದು ಮೀನು. "ದಾಶಿ" ಅಂದರೆ ಮೀನು ಅಂತ ಬೇರೆ ಬರೆಯಬೇಕಾಗಿಯೇ ಇಲ್ಲ ಅನ್ನುವಷ್ಟು ಗೆದ್ದಿತು. ನನ್ನ ತಪ್ಪು ಆ ಜಾಗದಲ್ಲೇ ಆದದ್ದು.

ಸರಿ, ಅಡುಗೆ. ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಕೊಂಬು, ಮೂರು ನಾಲ್ಕು ಒಣ ಶಿಟಾಕೆ. ಕೊಂಬಿನ ಮೇಲಿನ ಬಿಳಿ ಪುಡಿ ಬೂಷ್ಟಲ್ಲ, ತೊಳೆಯಬೇಡಿ, ಬಟ್ಟೆಯಲ್ಲಿ ಹಾಗೇ ಒರೆಸಿ. ರಾತ್ರಿ ನೆನೆಹಾಕಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಯಿಸಿ, ತಳದಲ್ಲಿ ಗುಳ್ಳೆ ಏಳುತ್ತಿದ್ದ ಹಾಗೆ ಕೊಂಬು ತೆಗೆದುಬಿಡಿ. ಕುದ್ದರೆ ಲೋಳೆ ಬಿಡುತ್ತದೆ. ನನಗೆ ಮೊದಮೊದಲು ಏನೂ ರುಚಿ ಬರುತ್ತಿರಲಿಲ್ಲ. ಆಮೇಲೆ ಗೊತ್ತಾಯಿತು, ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು ಗಡಸು, ಗಡಸು ನೀರಲ್ಲಿ ಕೊಂಬು ಸಾರ ಬಿಡುವುದಿಲ್ಲ. ಕ್ಯೋಟೊದ ನೀರು ಮೆದು, ಅದಕ್ಕೇ ಅಲ್ಲಿ ಕೊಂಬಿಗೆ ಅಷ್ಟು ಮರ್ಯಾದೆ. ಫಿಲ್ಟರ್ ನೀರು ಹಾಕಿದ ದಿನ ವ್ಯತ್ಯಾಸ ನಾಲಿಗೆಗೆ ತಿಳಿಯಿತು. ಆ ನೀರಲ್ಲಿ ಟೋಫು ತುಂಡು, ಒಂದಿಷ್ಟು ಪಾಲಕ್. ಒಲೆ ಆರಿಸಿ, ಒಬ್ಬರಿಗೆ ಒಂದು ದೊಡ್ಡ ಚಮಚದಂತೆ ಮಿಸೊವನ್ನು ಸೌಟಿನಲ್ಲಿ ಕದಡಿ ಬಿಡಿ. ಮತ್ತೆ ಕುದಿಸಬೇಡಿ. ಮಿಸೊ ಕೊಳ್ಳುವಾಗಲೂ ಹುಷಾರು, "ದಾಶಿ ಸೇರಿದ್ದು" ಅಂತಿದ್ದರೆ ಅದರಲ್ಲೂ ಮೀನು ಇರಬಹುದು. ನೆಂಚಿಕೊಳ್ಳಲು ಪಾಲಕ್ ಬೇಯಿಸಿ ಹಿಂಡಿ, ಹುರಿದು ಕುಟ್ಟಿದ ಎಳ್ಳು, ಸೋಯಾ ಸಾಸ್, ಚೂರು ಸಕ್ಕರೆ ಹಾಕಿ ಕಲಸಿದರೆ ಗೊಮಾ-ಆಯೆ. ಐದು ನಿಮಿಷ.

ಹೋದ ವರ್ಷ ಅಮ್ಮ ಬಂದಿದ್ದಾಗ ಧೈರ್ಯ ಮಾಡಿ ಹೇಳಿದೆ, ಮತ್ತೆ ಮಾಡುತ್ತೇನೆ, ಈ ಸಲ ಮೀನಿಲ್ಲ, ಮಠದವರ ಸಾರು ಅಂತ. ದೋಗೆನ್ ಕತೆಯನ್ನೂ ಹೇಳಿದೆ. ಅಮ್ಮ ಎಲ್ಲಾ ಕೇಳಿಸಿಕೊಂಡು, "ಏನೇನು ಹಾಕ್ತೀಯ, ಮೊದಲು ಅದು ಹೇಳು" ಅಂದಳು. ಕೊಂಬು ಅಂದೆ, ಸಮುದ್ರದ ಸೊಪ್ಪು. ಸರಿ ಅಂದಳು. ಶಿಟಾಕೆ ಅಂದೆ.

"ಅಂದ್ರೆ?"

"ಅಣಬೆ."

"ನಾನು ಅಣಬೆ ತಿಂತೀನೇನೋ?"

ಎಂಟುನೂರು ವರ್ಷದ ಇತಿಹಾಸ ಓದಿದ ನನಗೆ ನಮ್ಮಮ್ಮ ಅಣಬೆ ತಿನ್ನುವುದಿಲ್ಲ ಅನ್ನುವುದು ಮರೆತೇ ಹೋಗಿತ್ತು! ಮಠದ ಅಡುಗೆಯವನು ಅಷ್ಟು ದೂರ ನಡೆದು ಬಂದದ್ದೂ ನನ್ನ ಪಾಲಿಗೆ ದಂಡ.

ಆ ರಾತ್ರಿ 1643ರ ಆ ಪಟ್ಟಿ ಮತ್ತೆ ತೆಗೆದೆ. ಅದರಲ್ಲಿ ಅಣಬೆ ಇರಲೇ ಇಲ್ಲ. ಕೊಂಬು, ಒಣ ಮೂಲಂಗಿ, ಕಂಪ್ಯೊ... ಕಂಪ್ಯೊ ಅಂದರೇನು ಅಂತ ಆಗ ಹುಡುಕಿದೆ. ತೊಚಿಗಿ ಪ್ರಾಂತ್ಯದಲ್ಲಿ ಬೆಳೆಯುವ ಒಂದು ಗುಂಡು ಕಾಯಿ. ಅದನ್ನು ಉದ್ದುದ್ದ ರಿಬ್ಬನ್ನಿನಂತೆ ಹೆರೆದು ಬಿಸಿಲಲ್ಲಿ ನೇತುಹಾಕಿ ಒಣಗಿಸುತ್ತಾರೆ. ಸುಶಿಯೊಳಗೂ ಇಡುತ್ತಾರೆ. ಸಸ್ಯಶಾಸ್ತ್ರದ ಹೆಸರು ನೋಡಿದರೆ ನಮ್ಮ ಸೋರೆಕಾಯಿ! ಅದೇ ಜಾತಿ, ಆಕಾರ ಮಾತ್ರ ಬೇರೆ.

ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಅಮ್ಮ ಮಾರ್ಕೆಟ್ಟಿನಿಂದ ಎಳೆಯದಲ್ಲದ, ಬಲಿತದ್ದೂ ಅಲ್ಲದ ಸೋರೆಕಾಯಿ ತಾನೇ ಆರಿಸಿ ತಂದಳು. ತಿರುಳು ಬಿಟ್ಟು ಉದ್ದಕ್ಕೆ ಹೆರೆದು, ಸಂಡಿಗೆ ಒಣಗಿಸುವ ಹಳೇ ಪಂಚೆಯ ಮೇಲೆ ಟೆರೇಸಿನಲ್ಲಿ ಹರಡಿದಳು. ಕಾಗೆ ಕಾಯಲು ನನ್ನನ್ನು ಕೂರಿಸಿದಳು. ಎರಡು ದಿನಕ್ಕೆ ಬೆಳ್ಳಗೆ ಸುರುಟಿತು. ಮೂಲಂಗಿಯನ್ನೂ ಹಾಗೇ ಮಾಡಿದೆವು. ಮೂರನ್ನೂ ರಾತ್ರಿ ನೆನೆಹಾಕಿದೆ. ನಿಜ ಹೇಳಬೇಕೆಂದರೆ ಶಿಟಾಕೆಯ ಗಾಢತೆ ಇದಕ್ಕಿಲ್ಲ. ತೆಳು, ಸ್ವಲ್ಪ ಸಿಹಿ, ಒಣಗಿದ ತರಕಾರಿಯ ವಾಸನೆ. ಆದರೆ ಅಜ್ಜಿಯ ಬಟ್ಟಲಿನಲ್ಲಿದ್ದ ಆ ಬೆಚ್ಚಗಿನದೇನೋ ಇತ್ತು.

ಅಮ್ಮ ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಬಟ್ಟಲು ಕೆಳಗಿಟ್ಟು ಎದ್ದು, ಒಗ್ಗರಣೆ ಸೌಟು ಒಲೆಯ ಮೇಲಿಟ್ಟು, ಅರ್ಧ ಚಮಚ ತುಪ್ಪ, ಸಾಸಿವೆ, ಎರಡು ಕರಿಬೇವು, ಚಿಟಿಕೆ ಇಂಗು ಹಾಕಿ ಚಟಪಟ ಅನ್ನಿಸಿ ಪಾತ್ರೆಗೆ ಸುರಿದಳು.

"ಈಗ ಕುಡಿ" ಅಂತ ನನಗೂ ಒಂದು ಬಟ್ಟಲು ಬಡಿಸಿದಳು.